ಬೂಟಿಗೆ ಹತ್ತದ ಕೆಂಪು ಮಣ್ಣು

ರೀ,

ನಿಮ್ಮ ತಂಗಿ ಜೊತೆ ಬೆಟ್ಟ ಸುತ್ತೋಕೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ಹೋದ ವಾರ ನೀವು ಆ ಕಡಿದಾದ ದಾರೀಲಿ ಹತ್ತಿ ಬೆಟ್ಟಕ್ಕೆ ಪೂರ್ತಿ ಸುತ್ತು ಹಾಕಿ ಆಚೆ ಕಡೆಯಿಂದ ಇಳಿದ ಕಥೆ ಬೀದಿಗೆಲ್ಲ ಬಾಯಿಪಾಠ ಆಗಿದೆ. ಮೇಲಿನ ಪಾಳು ಊರು ದಾಟಿದ್ರೆ ಬರೀ ಕೆಂಪು ಮಣ್ಣಂತೆ, ತಂಗಿ ಹೇಳಿದ್ಲು. ನಿಮ್ಮ ಬೂಟು ತೊಳೆದವಳು ನಾನು, ಕೆಂಪಿನ ಸುಳಿವೇ ಇರಲಿಲ್ಲ. ಇರಲಿ, ಹೊರಟಲ್ಲಿಗೇ ವಾಪಸ್ ಬಂದಿರಿ, ಅಷ್ಟಂತೂ ನಿಜ.

ಮಂಡಿಗೆ ಹಚ್ಚೋ ಎಣ್ಣೆ ದಿಂಬಿನ ಪಕ್ಕ ಇಟ್ಟಿದ್ದೀನಿ. ನೋವೇ ಇಲ್ಲ ಅಂತ ಹೇಳಿ ಬಚ್ಚಲಲ್ಲಿ ಕದ್ದು ಹಚ್ಕೊಳ್ಳೋದು ಬೇಡ.

ನಾವು ಬರೋದು ತಡವಾದ್ರೆ ನೀವು ಹತ್ತಬೇಡಿ, ಎದುರುಮನೆ ದರ್ಜಿಯನ್ನ ಕಳಿಸಿ. ಪಾಳು ಊರಿನ ತನಕ ದಾರಿ ನೀವೇ ಹೇಳಿಕೊಡಿ. ಅಷ್ಟನ್ನ ಹೋಗ್ತಾನೂ ನೋಡಿದ್ದೀರಿ, ಬರ್ತಾನೂ ನೋಡಿದ್ದೀರಿ.