ಬದುವಿನ ಮಣ್ಣು

ಕಡೇಚೂರು, ಭಾನುವಾರ

ಸಗರದ ಅತ್ತೆಯವರಿಗೆ ಸೊಸೆ ಪಂಚಶೀಲಾಳ ಜೈಭೀಮ್.

ಗೆದ್ದೆವು, ಅತ್ತೆ! ನಿಮ್ಮ ಮಗನಿಗೆ ಫೋನಿನಲ್ಲೇ ಹೇಳಿದೆ. ನಿಮಗೆ ಮಾತ್ರ ವಿವರವಾಗಿ ಬರೆಯಬೇಕೆನಿಸಿತು. ಅವರು ಓದಿ ಹೇಳಲಿ.

ನಮ್ಮ ಹೊಲದ ಬದುವಿನಿಂದ ಮಣ್ಣು ತರುವಾಗ, "ಮಣ್ಣಾಗ ಏನೈತಂತ ಡಬ್ಬಿ ತುಂಬಾಕತ್ತಿ?" ಎಂದು ನಕ್ಕಿದ್ದಿರಲ್ಲ, ಆ ಮಣ್ಣಿನಲ್ಲೇ, ನಾನಿಲ್ಲಿ ಕಾರ್ಖಾನೆಯ ಲ್ಯಾಬಿನಲ್ಲಿ ಬೆಳೆಸುತ್ತಿರುವ ಸೂಕ್ಷ್ಮಜೀವಿ ಸಿಕ್ಕಿದ್ದು. ಸಕ್ಕರೆ ತಿಂದು ಲೈಸಿನ್ ಎಂಬ ಪೋಷಕಾಂಶ ತಯಾರಿಸುತ್ತದೆ. ಬರೀ ಜೋಳ ತಿನ್ನುವ ಕೋಳಿಗಳಿಗೆ ಅದು ಸಾಕಷ್ಟು ಸಿಗುವುದಿಲ್ಲ. ಹಾಗಾಗಿ ನಮ್ಮ ಕಾರ್ಖಾನೆಯವರು ಅದನ್ನು ಕೋಳಿಮೇವಿಗೆ ಬೆರೆಸುತ್ತಾರೆ. ಆದರೆ ಈ ಜೀವಿ ತನಗೆ ಬೇಕಾದಷ್ಟು ಮಾಡಿಕೊಂಡು ನಿಲ್ಲಿಸಿಬಿಡುತ್ತಿತ್ತು. ಅದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದೆ. ಈಗ ಅದಕ್ಕೆ ಸಾಕು ಎನ್ನುವುದೇ ಗೊತ್ತಿಲ್ಲ! ನಿನ್ನೆ ದೊಡ್ಡ ಟ್ಯಾಂಕಿನಲ್ಲಿ ಹಾಕಿ ನೋಡಿದರೆ ಲೈಸಿನ್ ಸುರಿಸುತ್ತಲೇ ಇತ್ತು. ನಮ್ಮ ಮ್ಯಾನೇಜರು, "ಮೇಡಂ, ಏನ್ ಮಾಡೀರಿ ಇದಕ್ಕ?" ಎಂದು ಎಲ್ಲರೆದುರು ಕೂಗಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ನೌಕರಿ ಕಾಯಂ ಆಯಿತು. ನಾವು ನಾಲ್ವರೂ ಇರಬಹುದಾದ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಒಂದು ವರ್ಷದಿಂದ ನನ್ನ ಮಗಳು ಪ್ರಜ್ಞಾಳನ್ನು ನೀವೇ ಸಾಕಿದ್ದೀರಿ. ಅವಳನ್ನು ಕರೆತರುವಾಗ ನಿಮ್ಮ ಸೀರೆಗಳನ್ನೂ ಕಟ್ಟಿಕೊಂಡು ಬನ್ನಿ, ತಿರುಗಿ ಹೋಗುವ ಮಾತು ಬೇಡ. ಅವಳೀಗ ನಿಮ್ಮನ್ನೇ ಅವ್ವ ಎನ್ನುತ್ತಾಳಂತೆ. ದಯವಿಟ್ಟು ತಿದ್ದಬೇಡಿ. ನನ್ನನ್ನು ಏನೆಂದು ಕರೆಯಬೇಕೋ, ಬಂದ ಮೇಲೆ ಅವಳೇ ಹೇಳಲಿ.

ನಿಮ್ಮ ದಾರಿ ಕಾಯುತ್ತಿರುವ,
ಪಂಚಶೀಲಾ