ಒಳಕೋಣೆಯ ಹಸಿರು

ಅಕ್ಕಲಕೋಟ
೧೧ ಫೆಬ್ರುವರಿ ೨೦೨೪

ಚಿರಂಜೀವಿ ಸೌಭಾಗ್ಯವತಿ ಶ್ರದ್ಧಾಳಿಗೆ ನಿನ್ನ ಅವ್ವನ ಆಶೀರ್ವಾದ, ಹೊಟ್ಟೆಯಲ್ಲಿರುವ ಮರಿಗೆ ಅದರ ಎರಡರಷ್ಟು.

ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಎರಡು ಮಾತಿಗೇ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಅಳಿಯಂದಿರು ಮರಾಠಿ ಸಾಲಿಯಲ್ಲಿ ಕಲಿತವರು, ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಬರೆಯುತ್ತೇನೆ. ಮೊದಲು ಒಳ್ಳೆಯ ಸುದ್ದಿ: ಬರುವ ಗುರುವಾರ ನಾನೂ ನಿಮ್ಮ ಅಪ್ಪನೂ ಸೊಲ್ಲಾಪುರಕ್ಕೆ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇವೆ. ಬಾಣಂತನ ಇಲ್ಲಿಯೇ.

ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಮಗಳನ್ನು ಅಲ್ಲೇ ಬಿಟ್ಟು ಬಂದ ತಾಯಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನನಗೆ ಗೊತ್ತಿಲ್ಲವೇ? ಬಾವಿ ರಿಪೇರಿ ಎಂದೆ, ನನಗೆ ಮೊಣಕಾಲು ನೋವು ಎಂದೆ. ಎಲ್ಲ ಸುಳ್ಳು. "ಅವ್ವಗ ನಾ ಭಾರ ಆಗೇನಿ" ಎಂದು ನೀನು ಅತ್ತದ್ದನ್ನು ನಿಮ್ಮ ಅತ್ತೆ ಕಸ್ತೂರಬಾಯಿ ತಿಳಿಸಿದರು. ಆ ದಿನ ನನಗೆ ರೊಟ್ಟಿ ಬಡಿಯಲೂ ಕೈ ಏಳಲಿಲ್ಲ.

ನಡೆದದ್ದು ಇಷ್ಟು. ಕುಬಸಕ್ಕೆ ನಾಲ್ಕು ದಿನ ಮೊದಲು, ನಿನ್ನನ್ನು ಮಲಗಿಸಬೇಕಾದ ಒಳಕೋಣೆಗೆ ಹೊಸ ಬಣ್ಣ ಹಚ್ಚಬೇಕೆಂದು ನಿಮ್ಮ ಅಪ್ಪನಿಗೆ ಹುಕಿ ಬಂತು. ಆ ಗೋಡೆ ನಿನಗೆ ಗೊತ್ತಲ್ಲ, ಎದೆಮಟ್ಟ ಹಸಿರು ಎಣ್ಣೆಬಣ್ಣ, ಮೇಲೆ ಸುಣ್ಣ. ನಾನು ಮದುವೆಯಾಗಿ ಬಂದಾಗ ಓಣಿಯ ಎಲ್ಲ ಮನೆಯಲ್ಲೂ ಅದೇ: ಬಾಗಿಲು ಹಸಿರು, ಕಿಟಕಿಯ ಸರಳು ಹಸಿರು. ಜಿಡ್ಡು ಕಾಣುವುದಿಲ್ಲ, ಒರೆಸಿದರೆ ಹೋಗುತ್ತದೆ, ಮುತ್ತೈದೆಯರ ಬಣ್ಣ ಎಂದು ನನ್ನ ಅತ್ತೆ ಹೇಳುತ್ತಿದ್ದರು. ದಸರೆಗೆ ಮನೆ ತೊಳೆಯುವಾಗ ಎದ್ದ ಪದರನ್ನು ತಿಕ್ಕಿ ತೆಗೆದು ಮತ್ತೆ ಬಣ್ಣ ಬಳಿಯುವುದು ಸೊಸೆಯ ಕೆಲಸ.

ನಿಮ್ಮ ಅಪ್ಪ ಬಣ್ಣದವನಿಗೆ ಕಾಯದೆ ತಾವೇ ಪಾಲಿಶ್ ಕಾಗದ ಹಿಡಿದು ಎರಡು ದಿನ ಒಣ ಗೋಡೆಯನ್ನು ತಿಕ್ಕಿದರು. ಮನೆ ತುಂಬ ಹಸಿರು ಧೂಳು. ಪಾತ್ರೆಗಳಲ್ಲೂ, ಕೂಸಿಗೆಂದು ಹೊಲಿದ ಕೌದಿಗಳ ಮೇಲೂ. ಬಣ್ಣದ ಧನರಾಜ ಬಂದವನು ಹೊಸ್ತಿಲಲ್ಲೇ ನಿಂತ. "ಹಳೀ ಎಣ್ಣಿಬಣ್ಣದಾಗ ಸೀಸ ಇರ್ತದರಿ ಕಾಕೂ, ಹೊಟ್ಟ್ಯಾಗಿನ ಕೂಸಿಗೆ ಅದು ವಿಷ. ಬಸರಿ ಹೆಣ್ಮಗಳನ್ನ ಈ ಧೂಳಿನ್ಯಾಗ ಕರಕೊಂಡು ಬರಬ್ಯಾಡ್ರಿ" ಎಂದ. ಉದುರಿದ ಪದರನ್ನು ಪುಣೆಗೆ ಕಳಿಸಿ ಪರೀಕ್ಷೆ ಮಾಡಿಸಿದೆವು. ಅವನ ಮಾತೇ ನಿಜವಾಯಿತು.

"ನನಗೇ ಹೇಳಿದ್ದರೆ ಏನಾಗುತ್ತಿತ್ತು" ಎಂದು ನೀನು ಕೇಳುತ್ತೀ. ಬಸುರಿಯನ್ನು ಹೆದರಿಸಬಾರದು ಎಂದುಕೊಂಡೆ. ಅಪ್ಪನಂತೂ ತನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಊಟ ಬಿಟ್ಟು ಕುಳಿತಿದ್ದರು.

ಧನರಾಜನ ಜನ ಮೂಗು ಬಾಯಿ ಕಟ್ಟಿಕೊಂಡು, ಗೋಡೆ ತೋಯಿಸಿ ತೋಯಿಸಿ ಕೆರೆದರು. ಇಡೀ ಮನೆಯ ನೆಲಕ್ಕೆ ಕಸಬರಿಗೆ ಮುಟ್ಟಿಸದೆ ಒದ್ದೆ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಕೌದಿ ಎಲ್ಲ ಎಸೆದೆ. ಮತ್ತೆ ನೆಲದ ಧೂಳನ್ನು ಪುಣೆಗೆ ಕಳಿಸಿದೆವು. ನಿನ್ನೆ ರಿಪೋರ್ಟು ಬಂತು: ಕೋಣೆಯೂ ಮನೆಯೂ ಚೊಕ್ಕ. ನಾನೂ ಅಪ್ಪನೂ ರಕ್ತ ಪರೀಕ್ಷೆ ಮಾಡಿಸಿಕೊಂಡೆವು, ಅದರಲ್ಲೂ ಚಿಂತೆ ಮಾಡುವಂಥದ್ದು ಏನಿಲ್ಲವಂತೆ. ನನಗಂತೂ ಎದೆಯ ಮೇಲಿನ ಬೀಸುಕಲ್ಲು ಇಳಿದ ಹಾಗಾಯಿತು. ನಿಮ್ಮ ಅಪ್ಪ ಎರಡು ರೊಟ್ಟಿ ಹೆಚ್ಚು ಉಂಡರು.

ಈಗ ಬಣ್ಣದ ಅಂಗಡಿಯಲ್ಲಿ ಹಸಿರಿಗೇ ಒಂದು ಪುಸ್ತಕ ಇದೆ, ಬೆರಳಿಟ್ಟು ತೋರಿಸಿದ್ದನ್ನು ಮಷೀನು ಕಲಸಿ ಕೊಡುತ್ತದೆ. ಹಸಿರು ಎಂದರೆ ಬೆಚ್ಚುವ ನಿಮ್ಮ ಅಪ್ಪ ಬಿಳಿಯೇ ಇರಲಿ ಎಂದರು. ನಾನು ಬಿಡಲಿಲ್ಲ. ಬಾಣಂತಿಯ ಕೋಣೆಯೇನು ದವಾಖಾನೆಯೇ? ಡಬ್ಬಿಯ ಮೇಲೆ ಸೀಸವಿಲ್ಲವೆಂದು ಬರೆದದ್ದನ್ನು ಧನರಾಜನಿಂದ ಎರಡು ಸಲ ಓದಿಸಿ, ಎಳೆ ಕಡಲೆಗಿಡದ ಹಸಿರು ಆರಿಸಿ, ರಿಪೋರ್ಟಿಗೆ ಕಾಯುತ್ತಲೇ ಬಳಿಸಿದೆ. ಕೋಣೆ ಚೆನ್ನಾಗಿ ಕಾಣುತ್ತದೆ.

ಬೈಯುವುದಿದ್ದರೆ ಇಲ್ಲಿಗೆ ಬಂದು, ಬಿಸಿ ಅನ್ನ ತುಪ್ಪ ಉಂಡು ಬೈ.

ನಿನ್ನ ದಾರಿ ಕಾಯುವ ಅವ್ವ,
ಗುರುಲಿಂಗಮ್ಮ

ತಾ.ಕ.: ನಿನಗಿಂತ ಮೊದಲು ನನಗೆ ಎರಡು ಬಸಿರು ನಿಲ್ಲಲಿಲ್ಲ. ನಿನಗೆ ಎಂದೂ ಹೇಳಿರಲಿಲ್ಲ. ತುಂಬಿದ ಕೊಡ ಹೊತ್ತದ್ದಕ್ಕೇ ಹೋದವು ಎಂದು ನನ್ನ ಅತ್ತೆ ಅಂದರು, ಮೂವತ್ತು ವರ್ಷ ನಾನೂ ಹಾಗೇ ನಂಬಿದೆ. ಮೊನ್ನೆ ಡಾಕ್ಟರಿಗೆ ಕೇಳಿದೆ: ಆ ಎರಡೂ ವರ್ಷ ನಾನು ಗೋಡೆ ತಿಕ್ಕಿದ್ದೆ, ಮಗಳು ಹೊಟ್ಟೆಯಲ್ಲಿದ್ದಾಗ ಮಾತ್ರ ಹನ್ನೂರಿನ ತವರಿನಲ್ಲಿದ್ದೆ, ಹಾಗಾದರೆ ಬಣ್ಣದಿಂದಲೇ ಹೋದವೇ? "ಇದ್ರೂ ಇರಬಹುದು, ಈಗ ಹೇಳಾಕ ಬರೂದಿಲ್ರಿ. ಕೊಡ ಹೊತ್ತದ್ದಕ್ಕಂತೂ ಅಲ್ಲ" ಎಂದರು. ನನಗೆ ಅಷ್ಟೇ ಸಾಕಾಯಿತು. ದವಾಖಾನೆಯ ಬೆಂಚಿನ ಮೇಲೆ ಕುಳಿತು ಆ ಎರಡಕ್ಕಾಗಿ ಮೊದಲ ಸಲ ಮನಸಾರೆ ಅತ್ತುಬಿಟ್ಟೆ.