ಇಪ್ಪತ್ತು ಬೆಂಚು

ಜೂನ್ ೨೬

ತಂಗೀ,

ಆಶೀರ್ವಾದ ಮೊದಲೇ ಮಾಡಿಬಿಡ್ತೀನಿ. ಕಾಗದ ಮುಗಿಯೋ ಹೊತ್ತಿಗೆ ಆ ಮನಸ್ಸು ಇರುತ್ತೋ ಇಲ್ಲವೋ. ನಿನ್ನ ಕಾಗದ ಬಂದು ಮೂರು ವಾರ ಆಯ್ತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ. ಓದಿ ಹೊಟ್ಟೆ ಉರೀತು, ಅದಕ್ಕೇ ಬರೀಲಿಲ್ಲ. ಫೋನ್ ಮಾಡಿದ್ದರಂತೂ ಜಗಳವೇ ಆಗ್ತಿತ್ತು.

ಏನಂತ ಬರೆದಿದ್ದೆ ನೀನು? ನಿಮ್ಮಲ್ಲಿ ಈ ಸಲ ಆರುನೂರು ದಾಟಿತಂತೆ, ಮಕ್ಕಳು ನೆಲದ ಮೇಲೆ ಕೂರ್ತಿದ್ದಾರಂತೆ, ನಮ್ಮಲ್ಲಿ ಖಾಲಿ ಬಿದ್ದಿರೋ ಬೆಂಚು ಒಂದಿಪ್ಪತ್ತು ಕೊಡಬೇಕಂತೆ. ಗೋಳು ತೋಡಿಕೊಳ್ಳೋ ನೆಪದಲ್ಲಿ ಜಂಭ ಕೊಚ್ಚೋದು ನಿನಗೆ ಚಿಕ್ಕಂದಿನಿಂದಲೂ ಅಭ್ಯಾಸ. ಇಬ್ಬರೂ ಒಂದೇ ವರ್ಷ ಹೆಡ್ಮಿಸ್ ಆದ್ವಿ, ಸೇತುವೆಯ ಆ ಕಡೆ ನೀನು, ಈ ಕಡೆ ನಾನು. ಆಗ ನನ್ನಲ್ಲಿ ಮುನ್ನೂರು ಮಕ್ಕಳು, ನಿನ್ನಲ್ಲಿ ಎಂಬತ್ತು. ಪಾಪ ಕಣೇ ಅಂದಿದ್ದೆ ನಿನಗೆ. ಆ ಮಾತು ಈಗ ನೆನಪಾದರೆ ಮೈ ಉರಿಯುತ್ತೆ.

ನಿನ್ನ ಕಡೆ ಮಹಡಿ ಮೇಲೆ ಮಹಡಿ ಎದ್ದವು, ಮಹಡಿಗೊಂದು ತೊಟ್ಟಿಲು. ನಮ್ಮ ಬೀದಿಯಲ್ಲಿ ಹಲ್ಲುಸೆಟ್ಟು ಕಟ್ಟೋ ಅಂಗಡಿ ಮೂರಿವೆ, ಮಕ್ಕಳ ಚಪ್ಪಲಿ ಸಿಗೋ ಅಂಗಡಿ ಒಂದೂ ಇಲ್ಲ. ಹೋದ ವಾರ ಮಕ್ಕಳ ಲೆಕ್ಕದ ಫಾರಂ ತುಂಬೋಕೆ ಕೂತಿದ್ವಿ. ಗಂಡೆಷ್ಟು, ಹೆಣ್ಣೆಷ್ಟು, ಮನೇಲಿ ಯಾವ ಮಾತು, ಅಪ್ಪ ಅಮ್ಮನಿಗೆ ಏನು ಕೆಲಸ. ಗುಮಾಸ್ತ ಎರಡೆರಡು ಸಲ ಎಣಿಸಿ, ಸರಿಯಾಗಿ ನಲವತ್ತು, ಬಚಾವಾದ್ವಿ ಮೇಡಂ ಅಂದ. ಮೂವತ್ತನೇ ತಾರೀಖಿಗೆ ನಲವತ್ತರಲ್ಲಿ ಒಂದು ಕಮ್ಮಿಯಾದರೂ ಶಾಲೆಗೆ ಬೀಗ ಹಾಕ್ತಾರೆ, ನಿನಗೆ ಗೊತ್ತಲ್ಲ. ಖುಷಿಗೆ ಎಲ್ಲರಿಗೂ ಟೀ ತರಿಸಿದೆ.

ನಿನ್ನೆ ಎರಡನೇ ಕ್ಲಾಸಿನ ಹುಡುಗಿಯ ತಾಯಿ ಬಂದು ಟಿ.ಸಿ. ಕೇಳಿದಳು. ಎಲ್ಲಿಗೆ ಅಂದೆ. ನಿನ್ನ ಶಾಲೆಗೇ. ಐದೇ ದಿನ ತಡಿ ಅಂತ ಬೇಡಿಕೊಂಡೆ, ನಾನು! ಅಲ್ಲಿ ನಾಳೆಗೆ ದಾಖಲಾತಿ ಮುಗಿಯುತ್ತೆ ಅಂದಳು.

"ಕ್ಲಾಸಿಗೆಲ್ಲ ಇವಳೊಬ್ಬಳೇ. ಬಿಡುವಿನಲ್ಲಿ ಗೋಡೆಗೆ ಚೆಂಡು ಎಸೆದುಕೊಂಡು ಆಡ್ತಾಳೆ."

ಹುಡುಗಿ ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡ್ತಾ ನಿಂತಿತ್ತು. ಸಹಿ ಹಾಕಿಬಿಟ್ಟೆ.

ಈಗ ಮೂವತ್ತೊಂಬತ್ತು. ಇಪ್ಪತ್ತು ಬೆಂಚು ಯಾಕೆ, ಇರೋ ಅರವತ್ತೂ ತಗೊಂಡು ಹೋಗು. ಮುಂದಿನ ವಾರ ಲಾರಿ ಕಳಿಸು. ಕಾಲು ಅಲ್ಲಾಡೋದಿದ್ದರೆ ನೀನೇ ರಿಪೇರಿ ಮಾಡಿಸ್ಕೋ.

ನಿನ್ನ ಶಾಲೆ ತುಂಬಿ ತುಳುಕಲಿ. ಹೊಟ್ಟೆಕಿಚ್ಚು ಇಟ್ಟುಕೊಂಡೇ ಹೇಳ್ತಿದ್ದೀನಿ, ಆದರೂ ಮನಸಾರೆ.

ನಿನ್ನ ಅಕ್ಕ

ತಾ.ಕ.: ದಾಖಲಾತಿ ಪುಸ್ತಕದಲ್ಲಿ ಹೆಸರು ನೋಡಿ ನಿನಗೆ ಆಗಲೇ ಗೊತ್ತಾಗಿರುತ್ತೆ. ಆ ತಾಯಿ ನನ್ನ ಮಗಳೇ. ಹೋಗುವಾಗ "ಅಲ್ಲೂ ಅವಳಿಗೆ ಅಜ್ಜಿ ಇದ್ದಾರಲ್ಲಮ್ಮಾ" ಅಂತ ನನಗೇ ಸಮಾಧಾನ ಹೇಳಿದಳು. ಮೊಮ್ಮಗಳಿಗೆ ದೂರದ ಅಕ್ಷರ ಕಾಣಲ್ಲ, ಮುಂದಿನ ಬೆಂಚಲ್ಲಿ ಕೂರಿಸು. ನಿನ್ನನ್ನ ಟೀಚರ್ ಅಂತಲೇ ಕರೀಲಿ. ಅಜ್ಜಿ ಅನ್ನಿಸ್ಕೋಬೇಡ ಕಣೇ, ಅದೊಂದು ನನಗಿರಲಿ.